ಸಾಹೇಬರ ಕ್ಯಾಂಪು, ಗಿರಿಜೆಯ ಕನ್ನಡಕ

ಕಳೆದ ಶುಕ್ರವಾರ ನನ್ನ ತಂಗಿಯ ಮನೆಯಲ್ಲಿ ಒಬ್ಬ ಸಾಹೇಬರು ಊಟಕ್ಕೆ ಕೂತಿದ್ದರು. ಎರಡನೇ ಸಲ ಅನ್ನ ಬಡಿಸಿಕೊಂಡರು. ಮೇಲೆ ತುಪ್ಪ ಹಾಕಿಸಿಕೊಂಡರು. ಕಲಸಿ ಒಂದು ತುತ್ತು ಬಾಯಿಗಿಟ್ಟರು. ಕಟಕ್ ಅಂತು. ಕಲ್ಲು.

ನಾನು ಪಕ್ಕದ ಎಲೆಯಲ್ಲಿದ್ದೆ. ಆ ಶಬ್ದ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹೀಗೆ ಬರೆದರೆ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತೀರಿ ಎಂದು ಗೊತ್ತು. ಊಟಕ್ಕೆ ಕೂತವರ ಹಲ್ಲಿಗೆ ಕಲ್ಲು ಸಿಕ್ಕಿದರೆ ಖುಷಿಪಡುವ ಇವನೆಂಥ ಮನುಷ್ಯ? ಸ್ವಲ್ಪ ತಾಳಿ. ಪೂರ್ತಿ ಕೇಳಿ. ಆಮೇಲೆ ಬೈಯಿರಿ, ಯಾರನ್ನು ಬೇಕೋ ಅವರನ್ನು.

ಮೊದಲು ತಾರೀಖಿನ ವಿಚಾರ. ಅವತ್ತು ಇಪ್ಪತ್ತೆಂಟು. ಸಂಬಳದ ಮನೆಯವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. ಬೇರೆಯವರಿಗಾಗಿ ಬಿಡಿಸಿ ಹೇಳಬೇಕು.

ಚಾಮರಾಜನಗರದ ಅಂಗಡಿಬೀದಿಯಲ್ಲಿ ನನ್ನದೊಂದು ಸಣ್ಣ ಅಚ್ಚಿನ ಮನೆ ಇದೆ (ಮದುವೆ ಕಾಗದ, ರಸೀದಿ ಪುಸ್ತಕ, ಆಗಾಗ ಯಾರದೋ ಸನ್ಮಾನದ ಬಿನ್ನವತ್ತಳೆ). ಬೀದಿಯ ಕಡೆ ಮುಖ ಮಾಡಿ ಕೂರುವವನಿಗೆ ಕ್ಯಾಲೆಂಡರು ಬೇಕಾಗಿಲ್ಲ. ಒಂದನೇ ತಾರೀಖಿನಿಂದ ಒಂದು ವಾರ ಗುಮಾಸ್ತರೂ ಮೇಷ್ಟ್ರುಗಳೂ ಬೀದಿಯ ನಟ್ಟನಡುವೆ ನಡೆಯುತ್ತಾರೆ. ಹೋಟೆಲಿಗೆ ಹೋಗಿ ದೋಸೆ ತರಿಸುತ್ತಾರೆ. ಹದಿನೈದು ಕಳೆದ ಮೇಲೆ ಬರೀ ಕಾಫಿ. ಇಪ್ಪತ್ತರ ಮೇಲೆ ಒಂದು ಕಾಫಿ, ಎರಡು ಲೋಟ. ಇಪ್ಪತ್ತೈದು ದಾಟಿತೋ, ಅದೇ ಮನುಷ್ಯರು ದಿನಸಿ ಅಂಗಡಿಯ ಮಗ್ಗುಲು ಬಿಟ್ಟು ಎದುರು ಮಗ್ಗುಲಿನಲ್ಲಿ, ಏನೋ ಯೋಚನೆ ಮಾಡುತ್ತಿರುವವರ ಹಾಗೆ ತಲೆ ಬಗ್ಗಿಸಿ ನಡೆಯುತ್ತಾರೆ.

ಉಮ್ಮತ್ತೂರಿನ ರೈತರೊಬ್ಬರು ಮೊನ್ನೆ ಮಗಳ ಮದುವೆ ಕಾಗದ ಅಚ್ಚು ಹಾಕಿಸಲು ಬಂದಿದ್ದರು. ಅಲ್ಲೇ ಕೂತಿದ್ದ ಒಬ್ಬ ಗುಮಾಸ್ತರನ್ನು ನೋಡಿ, "ನಿಮ್ಗೇನ್ ಬುಡಿ ಸಾಮಿ, ಮಳೆ ಬಂದ್ರೂ ಬರ್ದಿದ್ರೂ ತಿಂಗ್ಳಾದ್ರ ಸಂಬ್ಳ ಬತ್ತದ" ಅಂದರು. ಗುಮಾಸ್ತರು ನಕ್ಕರು. ಅವರು ನನ್ನಲ್ಲಿಗೆ ಬಂದದ್ದು ಎಂಟಾಣೆ ಕೈಗಡಕ್ಕೆ. ಆ ನಗು ಹೇಗಿತ್ತೆಂದು ನನ್ನನ್ನು ಕೇಳಬೇಡಿ.

ಆ ಕೊನೆಯ ವಾರ ಇಂಥ ಮನೆಗಳಲ್ಲಿ ಕೈಖರ್ಚಿಗೆ ಎಷ್ಟು ಉಳಿದಿರುತ್ತದೆ? ಗಂಡಸನ್ನು ಕೇಳಿದರೆ ಏನೂ ಇಲ್ಲ ಅನ್ನುತ್ತಾನೆ. ನಿಜವನ್ನೇ ಹೇಳುತ್ತಾನೆ. ಆದರೂ ಒಲೆ ಉರಿಯುತ್ತದೆ, ಕಾಫಿ ಬರುತ್ತದೆ, ಮಕ್ಕಳು ಉಂಡು ಸ್ಕೂಲಿಗೆ ಹೋಗುತ್ತವೆ. ಎಲ್ಲಿಂದ? ಗಂಡಸು ಕೇಳುವುದಿಲ್ಲ. (ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.) ಆ ವಾರ ಮನೆ ನಡೆಯುವುದು ಹೆಂಗಸಿನ ದುಡ್ಡಿನಲ್ಲಿ. ಬೆಣ್ಣೆ ಮಾರಿದ್ದು, ರವಿಕೆ ಹೊಲಿದದ್ದು, ತೌರಿನವರು ಹಬ್ಬಕ್ಕೆ ಕೊಟ್ಟದ್ದು. ಅಡುಗೆಮನೆಯ ಅಟ್ಟದಲ್ಲಿ ಯಾವುದೋ ಡಬ್ಬಿ, ಅದರಲ್ಲಿ ಮೆಂತ್ಯ, ಮೆಂತ್ಯದ ಕೆಳಗೆ ಬಟ್ಟೆಗಂಟು. ಸರ್ಕಾರದ ಬಡ್ಜೆಟ್ಟಿನಲ್ಲಿ ಈ ಡಬ್ಬಿಗೆ ಜಾಗವಿಲ್ಲ. ಆದರೆ ಪ್ರತಿ ತಿಂಗಳೂ ಕೊನೆಯ ವಾರ ಸರ್ಕಾರದ ಅರ್ಧಕ್ಕರ್ಧ ನೌಕರರಿಗೆ ಊಟ ಹಾಕುವುದು ಇದೇ.

ಇನ್ನು ನನ್ನ ತಂಗಿಯ ವಿಚಾರಕ್ಕೆ ಬರುತ್ತೇನೆ. ಹೆಸರು ಗಿರಿಜೆ. ಗಂಡ ಮಹದೇವಪ್ಪ, ತೆರಕಣಾಂಬಿಯ ಆಚೆ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. (ಹಳ್ಳಿ ಯಾವುದೆಂದು ಹೇಳುವುದಿಲ್ಲ. ಈ ಎರಡು ಹೆಸರೂ ನಾನು ಇಟ್ಟದ್ದೇ. ನನಗೆ ನಾಲ್ವರು ತಂಗಿಯರು, ಮೂವರ ಗಂಡಂದಿರು ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಮೇಷ್ಟ್ರುಗಳು. ಬೇಕಾದವರು ಹುಡುಕಿಕೊಳ್ಳಿ.)

ಗಿರಿಜೆಗೆ ನಲವತ್ತು ತುಂಬುತ್ತಿದೆ. ಎರಡು ವರ್ಷದಿಂದ ಹತ್ತಿರದ್ದು ಕಾಣುವುದಿಲ್ಲ. ದೂರದ ಬಸ್ಸಿನ ಬೋರ್ಡು ಓದುತ್ತಾಳೆ, ಕೈಯಲ್ಲಿರುವ ಸೂಜಿಯ ಕಣ್ಣು ಕಾಣದು. ರವಿಕೆ ಹೊಲಿಯುವುದು ನಿಂತಿತು, ಅದರಿಂದ ಬರುತ್ತಿದ್ದ ಚಿಲ್ಲರೆಯೂ ನಿಂತಿತು. ಮಕ್ಕಳ ತಲೆಯಲ್ಲಿ ಹೇನು ಹುಡುಕಲಾರಳು. ಅಕ್ಕಿ ಆರಿಸಲು ಕೂತರೆ ಕಣ್ಣಿನ ಕೆಲಸವನ್ನು ಬೆರಳಿಗೆ ಹಚ್ಚುತ್ತಾಳೆ. ಮದುವೆಗೆ ಮುಂಚೆ ನನ್ನ ಅಚ್ಚಿನ ಮನೆಯಲ್ಲಿ ಪ್ರೂಫು ತಿದ್ದುತ್ತಿದ್ದವಳು ಇವಳು. ನಾನು ಎರಡು ಸಲ ನೋಡಿ ಸರಿಯಾಗಿದೆ ಅಂದ ಹಾಳೆಯಲ್ಲಿ ನಾಲ್ಕು ತಪ್ಪು ಹೆಕ್ಕಿ ಮುಂದೆ ಹಿಡಿಯುತ್ತಿದ್ದಳು. ಈಗ ಪುಸ್ತಕವನ್ನು ಕೈ ಚಾಚಿ ದೂರ ಹಿಡಿಯುತ್ತಾಳೆ, ಇನ್ನೂ ದೂರ ಹಿಡಿಯಲು ಕೈ ಸಾಲದೆ ಕೆಳಗಿಡುತ್ತಾಳೆ.

ಗುಂಡ್ಲುಪೇಟೆಯ ಡಾಕ್ಟರು ನೋಡಿ, ಕಾಯಿಲೆ ಏನೂ ಇಲ್ಲ, ಮೈಸೂರಿಗೆ ಹೋಗಿ ಕನ್ನಡಕ ಹಾಕಿಸಿಕೊಳ್ಳಿ ಅಂದಿದ್ದರು. ಹಾಗೆ ಹೇಳುವುದಕ್ಕೆ ಡಾಕ್ಟರಿಗೇನು ಖರ್ಚು?

ನಮ್ಮ ಕಡೆ ಗೌರಿ ಹಬ್ಬಕ್ಕೆ ತೌರಿನವರು ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಕೈಗೆ ದುಡ್ಡು ಕೊಡುತ್ತಾರೆ. ಅದು ಅವಳದು. ಗಂಡ ಮುಟ್ಟುವಂತಿಲ್ಲ, ಅತ್ತೆ ಕೇಳುವಂತಿಲ್ಲ. ಕೊಟ್ಟ ಅಣ್ಣ ಕೂಡ ಏನು ಮಾಡಿದೆ ಅಂತ ವಿಚಾರಿಸಬಾರದು. ಈ ಸಲ ನಾನು ಎರಡು ರೂಪಾಯಿಯ ಬದಲು ಹದಿನೈದು ರೂಪಾಯಿ ಕೊಟ್ಟೆ. ಕೊಡುವಾಗ ಪದ್ಧತಿ ಮೀರಿ ಒಂದು ಮಾತು ಹೇಳಿದೆ.

"ಇದು ಕನ್ನಡಕಕ್ಕ ಕಣಮ್ಮಿ. ಉಪ್ಪು ಮೆಣಸಿನ್ಕಾಯ್ಗ ತಗೀಬ್ಯಾಡ."

"ತಗಿಯಕಿಲ್ಲ ಬುಡಣ್ಣ" ಅಂದಳು.

ಇಪ್ಪತ್ತೆಂಟಕ್ಕೆ ನಾನು ಅವರೂರಿಗೆ ಹೋಗುವುದು, ಮರುದಿನ ಮೊದಲ ಬಸ್ಸಿಗೆ ಗುಂಡ್ಲುಪೇಟೆ, ಅಲ್ಲಿಂದ ಮೈಸೂರು ಅಂತ ಗೊತ್ತುಮಾಡಿಕೊಂಡಿದ್ದೆವು. ನನಗೂ ಮೈಸೂರಿನಲ್ಲಿ ಕಾಗದಕ್ಕೆ ಆರ್ಡರು ಕೊಡುವ ಕೆಲಸವಿತ್ತು. ವಾಪಸು ಬರುವಾಗ ಕನ್ನಡಕ ಹಾಕಿಕೊಂಡೇ ಬಸ್ಸು ಹತ್ತುತ್ತೇನೆ, ದಾರಿಯುದ್ದಕ್ಕೂ ಏನಾದರೂ ಓದಲು ತಂದಿರು ಅಂತ ಅವಳು ಹೇಳಿಕಳಿಸಿದ್ದಳು. ನಾನು ಎರಡು ಹಳೆಯ ಮಾಸಪತ್ರಿಕೆ ಚೀಲದಲ್ಲಿ ಇಟ್ಟುಕೊಂಡು ಹೊರಟೆ.

ಬಸ್ಸಿಳಿದು ಮನೆಯ ಹತ್ತಿರ ಬರುತ್ತಿದ್ದ ಹಾಗೆ ಒಬ್ಬಟ್ಟಿನ ವಾಸನೆ. ಜಗುಲಿಯ ಮೇಲೆ ಕೈಕುರ್ಚಿ ಹಾಕಿತ್ತು. ಅದು ಪಟೇಲರ ಮನೆಯದು, ನನಗೆ ಗುರುತುಂಟು. ಅದರ ಮೇಲೆ ಹಾಸಿದ್ದ ಬಿಳೀ ಟವೆಲು ಪೋಸ್ಟ್‌ಮಾಸ್ಟರ ಮನೆಯದು. ಒಳಗೆ ಮಣೆಯ ಪಕ್ಕ ಇಟ್ಟಿದ್ದ ಬೆಳ್ಳಿಲೋಟವನ್ನು ತೆರಕಣಾಂಬಿಯ ಕಾಂಪೌಂಡರ ಮನೆಯಿಂದ ಬೈಸಿಕಲ್ಲಿನಲ್ಲಿ ತಂದಿದ್ದರಂತೆ. ತಂಗಿ ಅಡುಗೆಮನೆಯಲ್ಲಿ ಬೆವರಿಳಿಸುತ್ತ ಒಬ್ಬಟ್ಟು ಬೇಯಿಸುತ್ತಿದ್ದಳು.

"ಏನವ್ವ ಇದು, ಯಾವ್ ಹಬ್ಬ?" ಅಂದೆ.

"ಇನ್ಸ್‌ಪೆಟ್ರು ಬಂದವ್ರ ಕಣಣ್ಣ. ಸ್ಕೂಲ್ತಾವ ಅವ್ರ. ಇವ್ರೂ ಅಲ್ಲೇ ಅವ್ರ."

"ಸರಿ. ಬೆಳಿಗ್ಗ ಬಸ್ಗ ರೆಡಿ ತಾನೆ?"

ಅವಳು ಒಬ್ಬಟ್ಟು ಮಗುಚಿ ಹಾಕಿದಳು. "ಬುಡಣ್ಣ, ಇನ್ನೊಂದ್ಸಾರಿ ಓಗನ" ಅಂದಳು.

"ಯಾಕ? ಕನ್ನಡಕದ ದುಡ್ಡೆಲ್ಲಿ?"

"ಒಲೆ ಮೇಲದ, ನೋಡು."

ನೋಡಿದೆ. ತುಪ್ಪ, ಬೆಲ್ಲ, ಕಡಲೆಬೇಳೆ, ಸಣ್ಣಕ್ಕಿ, ಗೋಡಂಬಿ ಹಾಕಿದ ಪಾಯಸ. ಗೂಡಿನಲ್ಲಿ ಕಾಫಿಪುಡಿಯ ಹೊಸ ಪೊಟ್ಟಣ. ಅದರ ಪಕ್ಕದಲ್ಲಿ ಒಂದು ಸಿಗರೇಟು ಪ್ಯಾಕು (ಮಹದೇವಪ್ಪ ಬೀಡಿಯನ್ನೂ ಸೇದದವರು).

"ಅಂಗ್ಡಿ ಶೆಟ್ರು ಕಡ ಇಲ್ಲ ಅಂದ್ಬುಟ್ರು. ಒಂದ್ನೇ ತಾರೀಕಾದ್ಮೇಲ ಬನ್ನಿ ಮೇಷ್ಟ್ರೆ ಅಂದ್ರು. ಇವ್ರು ಬಂದು ಇಲ್ಲಿ ನಿಂತ್ಕಂಡು ನನ್ ಮೊಖ ನೋಡುದ್ರು. ಬಾಯ್ಬುಟ್ ಕೇಳ್ನಿಲ್ಲ ಕಣಣ್ಣ. ಸುಮ್ಕ ನೋಡುದ್ರು."

ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿ ಸಾಹೇಬರ ಜವಾನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಮಾತುಗಾರ ಮನುಷ್ಯ. ನಾನು ಕೇಳದೆಯೇ ಹೇಳಿದ: "ಈ ತಿಂಗ್ಳು ಕ್ಯಾಂಪ್ ದಿನ ಕಮ್ಮಿ ಬಿದ್ಬುಟ್ಟದ ಸಾಮಿ. ಅದ್ಕೇ ಈಗ ಓಡ್ತಾ ಇವಿ."

ಕ್ಯಾಂಪು ಅಂದರೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕೂಲುಗಳನ್ನು ತನಿಖೆ ಮಾಡುವ ಸಾಹೇಬರು ತಿಂಗಳಲ್ಲಿ ಇಷ್ಟು ದಿನ ಅಂತ ಊರೂರು ಸುತ್ತಬೇಕು. ಸುತ್ತಿದ ದಿನಕ್ಕೆ ಸಂಬಳದ ಮೇಲೆ ಭತ್ಯೆ ಉಂಟು. ಪರಸ್ಥಳದಲ್ಲಿ ಊಟ ತಿಂಡಿಗೆ ಕೈಯಿಂದ ಖರ್ಚಾಗುತ್ತದಲ್ಲ, ಅದಕ್ಕೆ. ನ್ಯಾಯವಾದ ಏರ್ಪಾಟೇ. ಆದರೆ ನಮ್ಮ ಈ ಸಾಹೇಬರು ಮೊದಲ ಮೂರು ವಾರ ಆಫೀಸಿನಲ್ಲೇ ಇರುತ್ತಾರೆ. ಇಪ್ಪತ್ತೈದು ಬಂತೆಂದರೆ ಹಾಸಿಗೆ ಸುತ್ತಿಕೊಂಡು ಹೊರಡುತ್ತಾರೆ. ಯಾವ ವಾರ ಮೇಷ್ಟ್ರ ಮನೆಯಲ್ಲಿ ಏನೂ ಇರುವುದಿಲ್ಲವೋ ಸರಿಯಾಗಿ ಅದೇ ವಾರ ಮೇಷ್ಟ್ರ ಮನೆಗೆ ಊಟಕ್ಕೆ ಬರುತ್ತಾರೆ.

ಬರುವುದಕ್ಕೆ ಮುಂಚೆ ಹೇಳಿಯೂ ಕಳಿಸುತ್ತಾರೆ: "ಊಟದ ಏರ್ಪಾಟೇನೂ ಬೇಡ, ಸಿಂಪಲ್ಲಾಗಿರಲಿ." ಎಷ್ಟು ದೊಡ್ಡ ಮನಸ್ಸು! ಹೋದ ವರ್ಷ ಪಕ್ಕದ ಹಳ್ಳಿಗೆ ಹೊಸದಾಗಿ ಬಂದಿದ್ದ ಒಬ್ಬ ಮೇಷ್ಟ್ರು ಆ ಮಾತನ್ನು ನಂಬಿದರಂತೆ. ಮುದ್ದೆ, ಹುರುಳಿ ಸಾರು, ಮಜ್ಜಿಗೆ ಹಾಕಿದರು. ಸಾಹೇಬರು ನಗುನಗುತ್ತಲೇ ಉಂಡರು, ಹೆಲ್ತಿಗೆ ಒಳ್ಳೆಯದು ಅಂದರು. ಹೋಗುವಾಗ ತನಿಖೆಯ ವರದಿಯಲ್ಲಿ ಮಕ್ಕಳ ಕೈಬರಹ ತೃಪ್ತಿಕರವಾಗಿಲ್ಲ ಅಂತ ಬರೆದು ಹೋದರು. ಮುದ್ದೆಗೂ ಕೈಬರಹಕ್ಕೂ ಏನು ಸಂಬಂಧ? ನನಗೂ ನಿಮಗೂ ಹೊಳೆಯುವುದಿಲ್ಲ. ಆ ಹೋಬಳಿಯ ಮೇಷ್ಟ್ರುಗಳಿಗೆಲ್ಲ ಒಂದೇ ದಿನದಲ್ಲಿ ಹೊಳೆಯಿತು. ಅಂದಿನಿಂದ 'ಸಿಂಪಲ್' ಅಂದರೆ ಒಬ್ಬಟ್ಟು, ಪಾಯಸ, ಎರಡು ಥರದ ಪಲ್ಯ.

ಹೊತ್ತು ಒಂದಾಯಿತು. ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮಾತು ಮೃದು, ಕೋಟಿನ ತೋಳು ಸ್ವಲ್ಪ ಸವೆದಿತ್ತು. ಮಹದೇವಪ್ಪ ನನ್ನನ್ನು ಪರಿಚಯ ಮಾಡಿಕೊಟ್ಟರು. ಪತ್ರಿಕೆಗೆ ಬರೆಯುವವರೋ, ಬಹಳ ಸಂತೋಷ ಅಂದರು ಸಾಹೇಬರು. ಎಲೆ ಹಾಕಿದರು. ಸಾಹೇಬರು, ಪಕ್ಕದಲ್ಲಿ ನಾನು. ಮಹದೇವಪ್ಪ ಕೂರಲಿಲ್ಲ. ಮನೆಯ ಯಜಮಾನ, ಆ ಮನೆಯ ಬಾಡಿಗೆ ಕೊಡುವ ಮನುಷ್ಯ, ಕೈ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತರು. ಗಿರಿಜೆ ಬಡಿಸಿದಳು.

ಉಣ್ಣುತ್ತ ಸಾಹೇಬರು ಯಾವ ವಿಷಯ ಎತ್ತಿದರು ಗೊತ್ತೆ? ಉಳಿತಾಯ.

"ನಮ್ಮ ಟೀಚರುಗಳಲ್ಲಿ ಒಂದು ಡಿಫೆಕ್ಟು ಏನು ಅಂದರೆ, ಸೇವಿಂಗಿನ ಅಭ್ಯಾಸವೇ ಇಲ್ಲ ನೋಡಿ" ಅಂದರು ನನ್ನ ಕಡೆ ತಿರುಗಿ. "ಬಂದದ್ದನ್ನು ಮೊದಲ ವಾರದಲ್ಲೇ ಖರ್ಚು ಮಾಡುತ್ತಾರೆ. ಮಂಥ್ ಎಂಡಿಗೆ ಕೈ ಖಾಲಿ. ದೇಶ ಯೋಜನೆ ಹಾಕಿಕೊಂಡು ಮುಂದೆ ಹೋಗುತ್ತಾ ಇದೆ, ಇವರ ಮನೆಯಲ್ಲಿ ಒಂದು ಯೋಜನೆ ಬೇಡವೆ? ಆಡಂಬರ ಕಡಿಮೆ ಮಾಡಬೇಕು. ಮೇಷ್ಟ್ರೇ, ನೀವೂ ಒಂದು ಉಳಿತಾಯದ ಸರ್ಟಿಫಿಕೇಟು ತಗೊಳ್ಳಿ."

"ತಗೊಳ್ತೀನಿ ಸಾರ್" ಅಂದರು ಮಹದೇವಪ್ಪ.

"ಇನ್ನೊಂದು ಒಬ್ಬಟ್ಟು?" ಅಂದಳು ಗಿರಿಜೆ.

"ಅರ್ಧ ಸಾಕಮ್ಮ" ಅಂದರು. ಪೂರ್ತಿಯೇ ಬಿತ್ತು. ಅದರ ಮೇಲೆ ತುಪ್ಪವೂ ಬಿತ್ತು.

ಆಡಂಬರವಂತೆ. ಯೋಜನೆಯಂತೆ. ಈ ಹೆಂಗಸು ಯೋಜನೆ ಹಾಕಿಕೊಂಡಿದ್ದಳು ಸ್ವಾಮಿ. ಉಳಿತಾಯವನ್ನೂ ಮಾಡಿದ್ದಳು. ಹಬ್ಬ ಕಳೆದು ಇಷ್ಟು ದಿನವಾದರೂ ಆ ಗಂಟು ಬಿಚ್ಚಿರಲಿಲ್ಲ, ಮನೆಯಲ್ಲಿ ಮೂರು ದಿನದಿಂದ ಕಾಫಿಪುಡಿ ಇಲ್ಲದಿದ್ದರೂ ಬಿಚ್ಚಿರಲಿಲ್ಲ. ಅದನ್ನು ಈಗ ಅಗಿಯುತ್ತಿರುವವರು ಯಾರು? ಬಾಯಿ ತೆರೆಯೋಣ ಅಂದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಮಹದೇವಪ್ಪನವರ ಮುಖ ನೋಡಿ ಬಾಯಿಗೆ ಒಂದು ತುತ್ತು ತುರುಕಿಕೊಂಡೆ.

ಆಗಲೇ ಆ ಕಟಕ್ ಶಬ್ದ ಕೇಳಿಸಿದ್ದು. ನನಗೆ ಖುಷಿಯಾದದ್ದು.

ಆ ಖುಷಿ ಎಷ್ಟು ಹೊತ್ತು ಇತ್ತು? ಸಾಹೇಬರು ಕಲ್ಲನ್ನು ತೆಗೆದು ಎಲೆಯ ಅಂಚಿನಲ್ಲಿ ಇಡುವವರೆಗೆ. ಕೆನ್ನೆ ಹಿಡಿದುಕೊಂಡು ತಲೆಯೆತ್ತಿದರು. ಕೋಪವಿಲ್ಲ, ಮಕ್ಕಳಿಗೆ ಬುದ್ಧಿ ಹೇಳುವ ದನಿ.

"ಅಕ್ಕೀನ ಸ್ವಲ್ಪ ನೋಡಿ ಆರಿಸಬೇಕಮ್ಮ. ಅತಿಥಿಗಳು ಬರುವ ದಿನವಾದರೂ."

ಗಿರಿಜೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು.

"ಕಾಣ್ನಿಲ್ಲ ಸಾಮಿ" ಅಂದಳು.

"ಏನಂದಿರಿ?"

"ಹೊಸ ಅಕ್ಕಿ ಸಾರ್, ಹೊಸ ಅಕ್ಕಿ. ತಪ್ಪಾಯ್ತು" ಅಂತ ಮಹದೇವಪ್ಪ ನಡುವೆ ಬಂದರು. ಗಿರಿಜೆ ಒಳಕ್ಕೆ ಹೋದಳು. ಆಮೇಲೆ ಮಜ್ಜಿಗೆ ಬಡಿಸಲು ಅವಳು ಬರಲಿಲ್ಲ. ಮಹದೇವಪ್ಪನವರೇ ಬಡಿಸಿದರು.

ಊಟವಾಯಿತು. ಸಾಹೇಬರು ಜಗುಲಿಯ ಕೈಕುರ್ಚಿಯಲ್ಲಿ ಕೂತು ಸಿಗರೇಟು ಹಚ್ಚಿದರು. ನನಗೆ ತಡೆಯಲಾಗಲಿಲ್ಲ. ಎದುರಿಗೆ ಕಂಬಕ್ಕೆ ಒರಗಿ ಕೂತು ಕೇಳಿದೆ.

"ಸಾಹೇಬರೇ, ಕ್ಯಾಂಪಿನ ದಿನಕ್ಕೆ ನಿಮಗೆ ಭತ್ಯೆ ಉಂಟಲ್ಲವೆ?"

"ಉಂಟು. ಬಹಳ ಕಡಿಮೆ."

"ಯಾತಕ್ಕೆ ಕೊಡುತ್ತಾರೆ?"

"ಯಾತಕ್ಕೆ ಅಂದರೆ? ಪರಸ್ಥಳದಲ್ಲಿ ಊಟ, ತಿಂಡಿ, ಮಾಮೂಲು ಖರ್ಚು."

"ಇವತ್ತಿನ ಊಟಕ್ಕೆ ನಿಮಗೆ ಎಷ್ಟು ಖರ್ಚಾಯಿತು?"

ಮಹದೇವಪ್ಪ ಬೆವರಿಬಿಟ್ಟರು. "ನಮ್ ಭಾವ ತಮಾಸೆ ಜಾಸ್ತಿ ಸಾರ್. ಪೇಪರ್ನೋರು ನೋಡಿ" ಅಂದರು.

ಸಾಹೇಬರು ಸಿಗರೇಟಿನ ಬೂದಿ ಕೊಡವಿದರು. ಮುಖ ಸಣ್ಣಗಾಯಿತೇನೋ ಅಂತ ನೋಡಿದೆ. ಇಲ್ಲ. ನಿಜವಾಗಿ ನೋವಾದವರ ಹಾಗೆ ಹೇಳಿದರು: "ನಾನು ಕೇಳಿದೆನೆ? ಸಿಂಪಲ್ಲಾಗಿರಲಿ ಅಂತ ಹೇಳಿಕಳಿಸಿದ್ದೆನಲ್ಲ? ಮೇಷ್ಟ್ರೇ, ಹೇಳಿಕಳಿಸಿದ್ದೆನೋ ಇಲ್ಲವೋ?"

"ಹೇಳಿದ್ರಿ ಸಾರ್."

ನೋಡಿ, ಇದು. ಇದನ್ನು ಏನು ಮಾಡುತ್ತೀರಿ? ಲಂಚ ಕೇಳುವವನಾದರೆ ಕೈ ಚಾಚುತ್ತಾನೆ, ಆ ಕೈಯನ್ನು ಹಿಡಿಯಬಹುದು. ಇವರು ಬೇಡ ಅಂತ ಮೊದಲೇ ಹೇಳಿ, ಸಾಕ್ಷಿ ಇಟ್ಟುಕೊಂಡು, ಆಮೇಲೆ ಬಂದು ಉಣ್ಣುತ್ತಾರೆ. ಇವರ ಮೇಲೆ ಯಾವ ಅರ್ಜಿ ಬರೆಯುತ್ತೀರಿ? ಮೇಷ್ಟ್ರು ಬಲವಂತವಾಗಿ ಒಬ್ಬಟ್ಟು ತಿನ್ನಿಸಿದರು ಅಂತಲೆ?

ಶಾಲೆ ತೃಪ್ತಿಕರ ಅಂತ ವರದಿಯಾಯಿತು. ಹೊರಡುವಾಗ ಜವಾನ ಒಳಗೆ ಬಂದು ಉಳಿದ ಒಬ್ಬಟ್ಟನ್ನೂ ಒಂದು ಚಿಪ್ಪು ಬಾಳೆಹಣ್ಣನ್ನೂ ಎಲೆಯಲ್ಲಿ ಸುತ್ತಿಕೊಂಡ. ನನ್ನ ಮುಖ ಹೇಗಿತ್ತೋ, ಅವನೇ ತಗ್ಗಿದ ದನಿಯಲ್ಲಿ ಹೇಳಿದ.

"ಬ್ಯಾಸ್ರ ಮಾಡ್ಕಬ್ಯಾಡಿ ಸಾಮಿ. ಸಾಹೇಬ್ರ ಮನೆಲೂ ನಾಕ್ ಮಕ್ಳವ. ಕಡೆ ವಾರ ಅಲ್ಲೂ ಈಟೇಯ. ಅದ್ಕೇ ಕ್ಯಾಂಪ್ನ ಈ ವಾರ್ಕ ಮಡೀಕತಾರ. ಮನೆಲಿ ಒಂದ್ ಬಾಯಿ ಕಮ್ಮಿ ಆಯ್ತದಲ್ಲ."

ಈಗ ಗೊತ್ತಾಯಿತೆ? ನನಗೆ ಗೊತ್ತಾದದ್ದು ಆಗಲೇ. ಸಾಹೇಬರೂ ಸಂಬಳದವರೇ. ಅವರಿಗೂ ಇಪ್ಪತ್ತೆಂಟನೇ ತಾರೀಖು ಬರುತ್ತದೆ. ಅವರ ಮನೆಯಲ್ಲೂ ಡಬ್ಬಿ ತಡಕುವ ಒಬ್ಬ ಹೆಂಗಸಿದ್ದಾಳೆ. ತಮ್ಮ ತಿಂಗಳ ಕೊನೆಯನ್ನು ಹಾಸಿಗೆಯ ಜೊತೆ ಸುತ್ತಿಕೊಂಡು ತಂದು ಮೇಷ್ಟ್ರ ಮನೆಯಲ್ಲಿ ಇಳಿಸಿ ಹೋಗುತ್ತಾರೆ, ಅಷ್ಟೆ. ಮೇಷ್ಟ್ರು ಅದನ್ನು ಹೆಂಡತಿಯ ಮುಂದೆ ಇಟ್ಟು ಸುಮ್ಮನೆ ಮುಖ ನೋಡುತ್ತಾರೆ. ಅವಳು ಯಾರ ಮುಖ ನೋಡಬೇಕು?

ಕನಿಕರ ಬರಲಿಲ್ಲವೆ ಅಂತ ಕೇಳಬಹುದು. ಬಂತು. ಸವೆದ ಕೋಟಿನ ತೋಳು ನೋಡಿದ್ದೆನಲ್ಲ. ಆದರೆ ಕನಿಕರ ಬಂದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಕಷ್ಟ ಗೊತ್ತಿಲ್ಲದ ಸಾಹುಕಾರ ತಿಂದು ಹೋಗಿದ್ದರೆ ಅವನಿಗೇನು ಗೊತ್ತು ಅನ್ನಬಹುದಿತ್ತು. ಇವರಿಗೆ ಗೊತ್ತು. ಕೊನೆಯ ವಾರ ಒಂದು ಸೇರು ತುಪ್ಪ ಎಲ್ಲಿಂದ ಬರುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಗೊತ್ತಿದ್ದೇ ಹಾಕಿಸಿಕೊಂಡರು.

ಸಾಹೇಬರು ಹೋದ ಮೇಲೆ ಸಿಟ್ಟನ್ನು ತೀರಿಸಿಕೊಳ್ಳಲು ನನಗೆ ಸಿಕ್ಕಿದವರು ಮಹದೇವಪ್ಪ. ಪಾಪ, ಅವರಿನ್ನೂ ಉಂಡಿರಲಿಲ್ಲ.

"ಅಲ್ಲ ಭಾವ, ಮನೇಲಿರದು ಇಷ್ಟೇ ಸಾರ್ ಅಂತ ಅನ್ನ, ಸಾರು, ಮಜ್ಜಿಗೆ ಆಕಿದ್ರ ಏನಾಗದು?" ಅಂದೆ.

"ಏನಾಗದಾ? ನಾಳೆ ಬಂಡೀಪುರದ ಕಾಡಂಚ್ಗ ಎತ್ತಾಕ್ತಾರ. ಐಕ್ಳು ಓದು ಏನ್ಮಾಡದು? ಇನ್‌ಕ್ರಿಮೆಂಟು ನಿಂತೋಯ್ತದ. ಅದೆಲ್ಲ ಓಗ್ಲಿ ಭಾವ. ಮೇಷ್ಟ್ರ ಮನೇಲಿ ಇನ್ಸ್‌ಪೆಟ್ರಿಗ ಸಾರನ್ನ ಆಕುದ್ರಂತ ಅಂತ ಊರ್ನೋರು ಆಡ್ಕಳಕಿಲ್ವಾ? ನಾ ಈ ಬೀದೀಲಿ ತಲೆ ಎತ್ಕಂಡು ತಿರ್ಗದ್ ಹ್ಯಾಗ?"

ಕೊನೆಯ ಮಾತೇ ನಿಜವಾದ ಮಾತು. ವರ್ಗ, ಇನ್‌ಕ್ರಿಮೆಂಟು ಅಂತ ಭಯ ಇದ್ದದ್ದೇ, ಇಲ್ಲ ಅನ್ನುವುದಿಲ್ಲ. ಅದರ ಕೆಳಗೆ ಇನ್ನೊಂದಿದೆ. ನಮ್ಮ ಮನೆಯಲ್ಲಿ ಇಲ್ಲ ಅಂತ ಯಾರಿಗೂ ಗೊತ್ತಾಗಬಾರದು. ಆ ಕುರ್ಚಿ ಪಟೇಲರದೆಂದು ಇಡೀ ಬೀದಿಗೆ ಗೊತ್ತು. ಲೋಟ ಕಾಂಪೌಂಡರದೆಂದು ಗೊತ್ತು. ಹೋದ ತಿಂಗಳು ಕಾಂಪೌಂಡರ ಮನೆಗೆ ಯಾರೋ ದೊಡ್ಡವರು ಬಂದಾಗ ಗಿರಿಜೆಯ ಹಿತ್ತಾಳೆ ದೀಪವೂ ಜಮಖಾನೆಯೂ ಅಲ್ಲಿಗೆ ಹೋಗಿದ್ದವು. ಎಲ್ಲರ ಮನೆಯಲ್ಲೂ ಇಲ್ಲ. ಎಲ್ಲರೂ ಸೇರಿ ಒಂದೊಂದು ದಿನ ಒಂದೊಂದು ಮನೆಯನ್ನು ಇದ್ದವರ ಮನೆಯ ಹಾಗೆ ಸಿಂಗರಿಸುತ್ತೇವೆ, ಬಂದವರು ಅದನ್ನು ನೋಡಿ ನಮಗೆ ಉಳಿತಾಯದ ಉಪದೇಶ ಮಾಡುತ್ತಾರೆ. ಆಡಂಬರವಂತೆ! ಅವರು ಹೇಳಿದ್ದು ಸುಳ್ಳೂ ಅಲ್ಲ, ಅದೇ ನನಗೆ ಉರಿಯುವುದು.

ಗಂಡಸರಿಬ್ಬರೂ ಹೀಗೆ ಕೂಗಾಡುತ್ತಿದ್ದಾಗ ಗಿರಿಜೆ ಗಂಡನಿಗೆ ಎಲೆ ಹಾಕಿದಳು. ಅವರು ಉಂಡೆದ್ದು ಮತ್ತೆ ಸ್ಕೂಲಿಗೆ ಹೋದರು.

ಆಮೇಲೆ ನಾನು ಹೇಳಿದೆ: "ಓಗ್ಲಿ ಬುಡವ್ವ. ಒಂದ್ನೇ ತಾರೀಕು ಕಳೀಲಿ. ನನ್ಗ ಬರೋ ಬಾಕಿ ಬತ್ತದ. ಇನ್ನೊಂದ್ಸಾರಿ ಕೊಡ್ತೀನಿ."

"ಬ್ಯಾಡ" ಅಂದಳು.

"ಯಾಕ?"

"ನೀ ಕೊಟ್ರ ಮುಂದಿನ್ ಕ್ಯಾಂಪ್ಗಾಯ್ತದ."

ದನಿ ಏರಿಸಲಿಲ್ಲ, ಪಾತ್ರೆ ತಿಕ್ಕುತ್ತ ಹೇಳಿದಳು: "ಅವ್ರು ಉಂಡುದ್ಕ ನನ್ಗೇನ್ ಬ್ಯಾಸ್ರ ಇಲ್ಲ ಕಣಣ್ಣ. ಅಕ್ಕಿ ನೋಡಿ ಆರ್ಸಮ್ಮ ಅಂದ್ರಲ್ಲ. ನನ್ ದುಡ್ನಲ್ಲೇ ಉಂಡು ನನ್ಗೇ ಅಂದ್ರಲ್ಲ. ಅದ್ಕ."

ಅಷ್ಟು ಹೇಳಿ ಪಾತ್ರೆಯನ್ನು ಬೋರಲು ಹಾಕಿದಳು. ಇನ್ನೊಂದು ಪಾತ್ರೆ ಕೈಗೆತ್ತಿಕೊಂಡು, "ನಿನ್ ಪೇಪರ್ಲಿ ಬರಿ" ಅಂದಳು.

"ಬರುದ್ರ ಬಂಡೀಪುರಕ್ಕ ಆಕ್ತಾರಂತಲ್ಲ ನಿನ್ ಗಂಡುನ್ನ."

"ಆಕ್ಲಿ. ಆ ಕಾಡ್ಗ ಯಾವ್ ಇನ್ಸ್‌ಪೆಟ್ರು ಊಟಕ್ಕ ಬತ್ತಾನ? ನೀ ಬರಿ. ನಾ ಅಂತೂ ಓದಕಾಗಕಿಲ್ಲ. ಅವ್ರಾರ ಓದ್ಲಿ."

ಸಂಜೆ ಮಹದೇವಪ್ಪ ಸ್ಕೂಲಿನಿಂದ ಬಂದು ವಿಷಯ ತಿಳಿದು ನನ್ನ ಕೈ ಹಿಡಿದುಕೊಂಡರು. ಬ್ಯಾಡಿ ಭಾವ ಅಂದರು. ಮರುದಿನ ಮೊದಲ ಬಸ್ಸಿಗೆ ನಾನೊಬ್ಬನೇ ಹತ್ತಿದೆ. ಅವಳಿಗೆಂದು ತಂದಿದ್ದ ಮಾಸಪತ್ರಿಕೆಗಳನ್ನು ಮೈಸೂರಿನವರೆಗೆ ಚೀಲದಿಂದ ತೆಗೆಯಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುಂಡ್ಲುಪೇಟೆಯ ವ್ಯಾಪಾರಿಯೊಬ್ಬರು, ಯಾಕೆ ಇಷ್ಟು ಸಿಟ್ಟಾಗಿದ್ದೀರಿ, ಮನೆಯಲ್ಲಿ ಜಗಳವೋ ಅಂತ ಕೇಳಿದರು. ಹೌದು ಅಂದೆ.

ಎರಡು ದಿನ ಯೋಚನೆ ಮಾಡಿದೆ. ಗಂಡ ಬೇಡ ಅನ್ನುತ್ತಾರೆ, ಹೆಂಡತಿ ಬರಿ ಅನ್ನುತ್ತಾಳೆ. ದುಡ್ಡು ಯಾರದು? ಅವಳದು. ಹಾಗಾದರೆ ಅವಳ ಮಾತೇ ನಡೆಯಲಿ ಅಂತ ಬರೆದಿದ್ದೇನೆ. ಮಹದೇವಪ್ಪನವರಿಗೆ ಇದರಿಂದ ತೊಂದರೆಯಾದರೆ ಅದನ್ನೂ ಹೆಸರು, ಊರು, ತಾರೀಖು ಸಮೇತ ಬರೆಯುತ್ತೇನೆ, ಆಗ ಬದಲಾಯಿಸಿದ ಹೆಸರು ಇರುವುದಿಲ್ಲ. ಇಷ್ಟನ್ನು ಸಂಬಂಧಪಟ್ಟವರು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಓದುಗರಲ್ಲಿ ಮೇಷ್ಟ್ರುಗಳಿದ್ದರೆ ಒಂದು ಮಾತು ಕೇಳುತ್ತೇನೆ. ಹೋಬಳಿಯಲ್ಲಿ ಒಬ್ಬರು ಮುದ್ದೆ ಹಾಕಿದರೆ ಅವರ ಕೈಬರಹ ಕೆಡುತ್ತದೆ. ಎಲ್ಲರೂ ಮುದ್ದೆ ಹಾಕಿದರೆ? ಇಡೀ ಹೋಬಳಿಯ ಕೈಬರಹ ಒಟ್ಟಿಗೆ ಕೆಟ್ಟಿತು ಅಂತ ವರದಿ ಬರೆಯುವ ಧೈರ್ಯ ಯಾವ ಸಾಹೇಬರಿಗಿದೆ?

ಕೊನೆಗೆ ಆ ಸಾಹೇಬರಿಗೆ. ಈ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಒಂದನೇ ತಾರೀಖು ಕಳೆದಿರುತ್ತದೆ, ಸಂಬಳ ಬಂದಿರುತ್ತದೆ. ಕ್ಯಾಂಪಿನ ಭತ್ಯೆ ಅದರ ಬೆನ್ನಿಗೇ ಬರುತ್ತದೆ. ಶುಕ್ರವಾರದ ಊಟಕ್ಕೆ ನೀವು ಮಾಡದ ಖರ್ಚೂ ಅದರಲ್ಲಿ ಸೇರಿರುತ್ತದೆ. ನಾನು ಬೇರೇನೂ ಕೇಳುವುದಿಲ್ಲ.

ಆ ದುಡ್ಡನ್ನು ನಿಮ್ಮ ಮನೆಯಾಕೆಯ ಕೈಗೆ ಕೊಡುವಾಗ, ಇದು ಯಾರ ದುಡ್ಡು ಅಂತ ಹೇಳಿ ಕೊಡುತ್ತೀರಿ?